ಗುಡ್ಡವ್ವನ ಕೊಸರು

ಗುಡ್ಡವ್ವನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆ ಮುಗಿದ ಮೇಲೆ ಈ ಶೆಟ್ಟೆವ್ವ ದೊಡ್ಡ ಮನಸ್ಸಿನವಳ ಸೋಗು ಹಾಕಿದಳು ಎಂದು ಯಾರೂ ಅನ್ನಬಾರದು. ಆಕೆ ನನಗೆ ಕೆಟ್ಟದ್ದೇನಾದರೂ ಮಾಡಿದಳೇ ಎಂದು ಕೇಳಿದರೆ, ಇಲ್ಲ. ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮದು ಮೂಡಲಗಿಯ ಸಂತೆಪೇಟೆಯಲ್ಲಿ ಕಿರಾಣಿ ಅಂಗಡಿ ಇತ್ತು. ನನ್ನ ಗಂಡ ಲಗಮಪ್ಪನ ಅಪ್ಪ ಕುರಿ ಕಾಯ್ದವನು, ನನ್ನಪ್ಪನೂ ಕುರಿ ಕಾಯ್ದವನೇ. ಎರಡೂ ಮನೆತನದಲ್ಲಿ ಕೋಲು ಬಿಟ್ಟು ತಕ್ಕಡಿ ಹಿಡಿದವನೆಂದರೆ ನನ್ನ ಗಂಡನೊಬ್ಬನೇ. ಮದುವೆಯಲ್ಲಿ ನನ್ನಪ್ಪ ಬಳುವಳಿ ಕೊಟ್ಟ ಹನ್ನೆರಡು ಕುರಿ ಮಾರಿ ಆ ಅಂಗಡಿ ಹಾಕಿದ್ದು. ಆ ಹನ್ನೆರಡು ಕುರಿಯ ಮಾತನ್ನು ನಾನು ದಿನಕ್ಕೊಮ್ಮೆಯಾದರೂ ಎತ್ತುತ್ತಿದ್ದೆ ಎಂದು ಓಣಿಯವರು ಹೇಳುತ್ತಾರೆ. ಸುಳ್ಳು. ಎರಡು ಸಲ ಎತ್ತುತ್ತಿದ್ದೆ.

ನಮ್ಮ ಮದುವೆ ಕೂಡಿಸಿದ್ದು ಯಾವ ಜೋಯಿಸನೂ ಅಲ್ಲ, ಬೆಲ್ಲದ ಕೊಸರು. ನಾನು ಹದಿನಾಲ್ಕರ ಹುಡುಗಿ ಇದ್ದಾಗ ಲಗಮಪ್ಪ ಘಟಪ್ರಭಾ ಸ್ಟೇಶನ್ ಎದುರಿಗೆ ಒಬ್ಬ ಸಾವಕಾರನ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ. ಬೆಲ್ಲ ತೂಗಿ, ತಕ್ಕಡಿ ಸಮ ಆದ ಮೇಲೆ, ಮೇಲಿಂದ ಒಂದು ಚೂರು ಹಾಕುವುದು ಎಲ್ಲ ಅಂಗಡಿಗಳಲ್ಲೂ ಇದ್ದ ರೂಢಿ. ಉಳಿದವರಿಗೆ ಶೇಂಗಾ ಬೀಜದಷ್ಟು ಹಾಕಿದರೆ ನನಗೆ ಹಿಡಿಯಷ್ಟು ಹಾಕುತ್ತಿದ್ದ. ನಮ್ಮವ್ವ ಪೊಟ್ಟಣ ಬಿಚ್ಚಿ ನೋಡಿ, "ತೂಕಕ್ಕ ರೊಕ್ಕ ಇರತೈತಿ, ಕೊಸರಿಗೆ ಮನಸು ಇರತೈತಿ. ಯಾರವಾ ಅಂವ?" ಎಂದು ಕೇಳಿದ್ದಳು. ಮುಂದಿನ ಯುಗಾದಿಗೆ ಅಕ್ಕಿಕಾಳು ಬಿತ್ತು. ಅಂದಮೇಲೆ ಕೊಸರು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಅರವತ್ತೆರಡನೆಯ ಇಸವಿ, ದೀಪಾವಳಿಯ ಹೊತ್ತಿಗೆ ಚೀನಾದವರ ಲಡಾಯಿ ಬಂತು. ತಳವಾರ ಮಾಯಪ್ಪ ಡಂಗುರ ಹೊಡೆದ: "ಕೇಳ್ರಪ್ಪೋ ಕೇಳ್ರಿ! ದೇಶದಾಗ ತುರ್ತು ಪರಿಸ್ಥಿತಿ ಜಾರಿ ಆಗೇತಿ! ಅಂಗಡಿಕಾರರು ದರದ ಬೋರ್ಡು ಹಚ್ಚಬೇಕು! ಬೋರ್ಡಿನ ದರ ಬಿಟ್ಟು ಮಾರಿದರ ಜೇಲು!"

ಮರುದಿನವೇ ನನ್ನ ಗಂಡ ತಗಡಿನ ಮೇಲೆ ಬಿಳಿ ಬಣ್ಣ ಬಳಿದು, ಕರಿ ಬಣ್ಣದಲ್ಲಿ, ಅಂಕಿಯಿಲ್ಲದೆ ಬರೀ ಅಕ್ಷರದಲ್ಲಿ ಬರೆದು, ಮಾಡಿನ ತೊಲೆಗೆ ಕಟ್ಟಿದ. ನನಗೆ ಓದಲು ಬರುವುದಿಲ್ಲ. ಓಣಿಯ ಯಾವ ಹೆಂಗಸಿಗೂ ಬರುತ್ತಿರಲಿಲ್ಲ.

"ಏನ್ ಬರದ್ರಿ?" ಎಂದು ಕೇಳಿದೆ.

"ಚಿಮಣಿ ಎಣ್ಣಿ ಬಾಟಲಿಗೆ ಎಂಟಾಣೆ. ಲಡಾಯಿ ದರ. ಸರಕಾರದ್ದು."

ಸರಕಾರ ನಮ್ಮ ಅಂಗಡಿಯನ್ನು ನೆನೆಸಿಕೊಂಡಿದೆಯಲ್ಲ ಎಂದು ನನಗೆ ಎಲ್ಲಿಲ್ಲದ ಹೆಮ್ಮೆ. ಲಕ್ಷ್ಮಿ ಪೂಜೆಯ ದಿನ ಗಲ್ಲಾಪೆಟ್ಟಿಗೆಗೆ, ತಕ್ಕಡಿಗೆ ಕುಂಕುಮ ಹಚ್ಚಿದವಳು ಸ್ಟೂಲು ಹತ್ತಿ ಬೋರ್ಡಿಗೂ ಹಚ್ಚಿದೆ, ಚೆಂಡು ಹೂವು ಏರಿಸಿದೆ. ಆವತ್ತಿನಿಂದ ದಿನಾ ಮುಂಜಾನೆ ಅದಕ್ಕೆ ಕುಂಕುಮ ಇಡುವುದು ನನ್ನ ನೇಮವಾಯಿತು.

ಹಿಂದಿನ ವಾರ ಬಾಟಲಿಗೆ ಮೂವತ್ತು ಹೊಸ ಪೈಸೆ ಇದ್ದ ಸೀಮೆಎಣ್ಣೆ ಎಂಟಾಣೆ ಆಯಿತು, ಅಂದರೆ ಐವತ್ತು ಪೈಸೆ. ಜನ ಗೊಣಗಿದರು, ಬೋರ್ಡು ನೋಡಿದರು, ಕೊಟ್ಟರು. "ಅಲ್ಲಿ ಹಿಮದಾಗ ನಮ್ಮ ಹುಡುಗ್ರು ಜೀವ ಕೊಡಾಕತ್ತಾರ, ನಾವು ನಾಕು ಪೈಸೆ ಹೆಚ್ಚಿಗೆ ಕೊಟ್ರ ಏನಾತು ಬಿಡ್ರಿ" ಎಂದು ಬಾಜೂ ಮನೆಯ ಸೀತವ್ವ ಸೆರಗಿನ ಗಂಟು ಬಿಚ್ಚಿದಳು. ಆಕೆಯ ಮಗ ಪಲ್ಟಣದಲ್ಲಿದ್ದ. ನನ್ನ ಗಂಡ ಎಣ್ಣೆ ಅಳೆದುಕೊಟ್ಟು, "ಲಡಾಯಿ ಮುಗಿಯೂತನಕ ಕೊಸರು ಬಂದ್" ಎಂದ. ನಾನೂ ಒಳಗಿನಿಂದ ಹೌದೌದು ಎಂದೆ. ದೇಶದ ಕೆಲಸ, ಚೆಲ್ಲಾಟವೇನು?

ಅಷ್ಟರಲ್ಲಿ ಗುಡ್ಡವ್ವ ಬಂದಳು.

ಆಕೆ ಕೆಳಗಿನ ಓಣಿಯವಳು. ಆ ಓಣಿಯವರು ಐದಾರು ವರ್ಷದ ಹಿಂದೆ ಮನೆಮನೆಗೆ ಬುದ್ಧನ ಪಟ ತಂದಿಟ್ಟಿದ್ದರು. ಆದರೂ ನಮ್ಮ ಅಂಗಡಿಯ ಮೆಟ್ಟಿಲು ಮಾತ್ರ ಹತ್ತುತ್ತಿರಲಿಲ್ಲ, ನಾವೂ ಹತ್ತಿ ಎಂದವರಲ್ಲ. ಆಕೆಯ ಗಂಡ ಕೇದಾರಿ ಎಂಬವನು ಪಲ್ಟಣದಲ್ಲಿದ್ದ, ಈಕೆ ಇಲ್ಲಿ ಮಾವನ ಜೊತೆ. ವಯಸ್ಸು ಇಪ್ಪತ್ತೆರಡೋ ಮೂರೋ. ಕಪ್ಪು ಮೈ, ನೆಟ್ಟಗಿನ ಬೆನ್ನು, ಯಾರೆದುರೂ ತಗ್ಗಿಸದ ಕಣ್ಣು. ಚೆಲುವೆಯೇ? ಹೌದು, ಸುಡುಗಾಡು, ಚೆಲುವೆಯೇ.

ಆವತ್ತು ಆಕೆ ಕೆಳಗಿನ ಮೆಟ್ಟಿಲ ಬುಡದಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ಮೆಲ್ಲಗೆ ಏನೋ ಅಂದಳು. ನಾನು ತೊಗರಿ ಚೀಲದ ಹಿಂದೆ ಕಾಳು ಹಸನು ಮಾಡುತ್ತ ಕೂತಿದ್ದೆ, ಮಾತು ಕೇಳಿಸಲಿಲ್ಲ. ನನ್ನ ಗಂಡನ ಮುಖ ಮಾತ್ರ ಕಂಡಿತು. ಕೆಂಪಾಯಿತು. ಹದಿನಾರು ವರ್ಷ ಸಂಸಾರ ಮಾಡಿದ್ದೇನೆ, ಆ ಮುಖ ಕೆಂಪಾದದ್ದನ್ನು ನಾನು ನೋಡಿರಲಿಲ್ಲ. ಆತ ಅಳತೆಯ ಡಬ್ಬಿ ಹಿಡಿದುಕೊಂಡು ಎರಡು ಮೆಟ್ಟಿಲು ಇಳಿದು ಹೋದ, ಆಕೆಯ ಬಾಟಲಿ ತುಂಬಿದ, ಕಿವಿಯ ಹತ್ತಿರ ಏನೋ ಪಿಸುಗುಟ್ಟಿದ. ಮೇಲಿಂದ ಒಂದು ಧಾರೆ ಕೊಸರು ಬಿಟ್ಟ. ಆಕೆ ಕಟ್ಟೆಯ ಮೇಲೆ ಹತ್ತು ಪೈಸೆಯ ಮೂರೇ ಮೂರು ನಾಣ್ಯ ಇಟ್ಟು ಹೋದಳು.

ನನ್ನ ಎದೆಯಲ್ಲಿ ಬೆಂಕಿ ಬಿತ್ತು. ಊರಿಗೆಲ್ಲ ಎಂಟಾಣೆ, ಆಕೆಗೆ ಮೂವತ್ತು ಪೈಸೆ. ಊರಿಗೆಲ್ಲ ಕೊಸರು ಬಂದ್, ಆಕೆಗೆ ಧಾರೆ! ನಾನು ಬೆಲ್ಲದ ಚೂರಿಗೆ ಒಲಿದು ಬಂದವಳು. ಧಾರೆಗೆ ಏನು ಅರ್ಥ?

ಮಧ್ಯಾಹ್ನ ರೊಟ್ಟಿ ಬಡಿಸುತ್ತ ಕೇಳಿಯೇಬಿಟ್ಟೆ.

"ಆಕಿಗ್ಯಾಕ ಕಡಿಮಿ? ಆಕಿಗ್ಯಾಕ ಕೊಸರು?"

"ಆಕಿ ಗಂಡ ಪಲ್ಟಣದಾಗ ಅದಾನ. ಪಲ್ಟಣದವರ ಮನಿಗೆ ಕಡಿಮಿ ಕೊಡ್ರಿ ಅಂತ ಹುಕುಂ ಐತಿ."

"ಸೀತವ್ವನ ಮಗಾನೂ ಪಲ್ಟಣದಾಗ ಅದಾನಲ್ರಿ. ಆಕಿ ಕಡೆ ಎಂಟಾಣೆ ಎಣಿಸಿ ಇಸಗೊಂಡ್ರಿ?"

ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದುಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇನ್ನೇನು ಸಾಕ್ಷಿ ಬೇಕು?

ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆಕೆ ದಿನಕ್ಕೊಂದು ಸಲ ಬರುತ್ತಿದ್ದವಳು ಎರಡು ಸಲ, ಮೂರು ಸಲ ಬರತೊಡಗಿದಳು. ಒಂದು ಮನೆಗೆ ಎಷ್ಟು ಎಣ್ಣೆ ಬೇಕು? ಕುಡಿಯುತ್ತಾಳೇನು? ಒಮ್ಮೆ ಹಸಿರು ಬಾಟಲಿ, ಒಮ್ಮೆ ಬಿಳಿ ಬಾಟಲಿ, ಒಮ್ಮೆ ಬಾಯಿ ಒಡೆದದ್ದು. ಪ್ರತಿ ಸಲವೂ ಆತ ಮೆಟ್ಟಿಲು ಇಳಿಯಬೇಕು, ಪಿಸುಮಾತು ಆಗಬೇಕು, ಕೊಸರು ಬೀಳಬೇಕು. ನಾನು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟೆ, ಎಣ್ಣೆ ಹಚ್ಚಿ ತುರುಬು ಕಟ್ಟಿ ಗಲ್ಲಾಪೆಟ್ಟಿಗೆಯ ಪಕ್ಕ ಕೂತೆ. ನನ್ನ ಗಂಡ ಒಮ್ಮೆ ನೋಡಿ, "ಏ, ಯಾರ ಮದವಿ ಐತಿ?" ಎಂದ. ಹೆಸರು ಹಿಡಿದು ಕರೆಯುವ ರೂಢಿಯೇ ಆತನಿಗಿರಲಿಲ್ಲ. ನಮ್ಮಲ್ಲಿ ಯಾವ ಗಂಡನಿಗೂ ಇಲ್ಲ. ಹದಿನಾರು ವರ್ಷದಿಂದ ನಾನು 'ಏ', ಇಲ್ಲವೇ 'ಇಕಿನ'.

ಒಂದು ದಿನ ಆತ ಗೋದಾಮಿಗೆ ಹೋಗಿದ್ದಾಗ ಗುಡ್ಡವ್ವ ಬಂದಳು. ನಾನೇ ಡಬ್ಬಿ ಹಿಡಿದು ಎದ್ದೆ.

"ಎಂಟಾಣೆ ತಗಿ" ಎಂದೆ.

ಆಕೆ ಬೋರ್ಡಿನತ್ತ ನೋಡಿದಳು, ನನ್ನತ್ತ ನೋಡಿದಳು. "ಅಣ್ಣಾರು ಬರ್ಲಿ ಅಕ್ಕಾರ, ನಿಲ್ಲತೇನಿ" ಎಂದಳು.

ಅಣ್ಣಾರು! ಅಣ್ಣ ಎಂದು ಊರ ಬಾಯಿ ಮುಚ್ಚಿಸಿದವರನ್ನು ನಾನೆಷ್ಟು ಕಂಡಿಲ್ಲ. ಬಿಸಿಲಲ್ಲಿ ಅರ್ಧ ತಾಸು ನಿಂತಳು, ಆತ ಬಂದ ಮೇಲೆ ತುಂಬಿಸಿಕೊಂಡೇ ಹೋದಳು. ನನ್ನ ಕೈಯ ಎಣ್ಣೆ ಆಕೆಯ ದೀಪದಲ್ಲಿ ಉರಿಯುವುದಿಲ್ಲವೇನೋ!

ಅವತ್ತು ನಿಶ್ಚಯ ಮಾಡಿದೆ. ಬೋರ್ಡಿನ ದರ ಬಿಟ್ಟು ಮಾರಿದರೆ ಜೇಲು ಎಂದು ಮಾಯಪ್ಪ ಡಂಗುರ ಹೊಡೆದಿದ್ದಾನೆ. ಎಂಟಾಣೆ ಬಿಟ್ಟು ಮೂವತ್ತಕ್ಕೆ ಮಾರಿದರೆ ದರ ಬಿಟ್ಟಂತೆ ಆಗಲಿಲ್ಲವೇ? ಸಾಹೇಬ ಬಂದು ನನ್ನ ಗಂಡನಿಗೆ ನಾಲ್ಕು ಮಾತು ಬೈಯಲಿ, ಆಕೆಗೆ ಇನ್ನು ಈ ಅಂಗಡಿ ಬಂದ್ ಎನ್ನಲಿ. ಅಷ್ಟೇ ನನಗೆ ಬೇಕಾದದ್ದು. ಗಂಡ ನನಗೆ ಉಳಿಯಬೇಕು.

ಘಟಪ್ರಭಾಕ್ಕೆ ತವರಿಗೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಿ ಗೋಕಾಕದ ಬಸ್ಸು ಹತ್ತಿದೆ. ಮಾಮಲೇದಾರ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಶಿದ್ರಾಮ ಎಂಬ ಮುದುಕ ಕೂತಿದ್ದ. ನಾನು ಎಲ್ಲ ಹೇಳಿದೆ. ಆತ ಲೇಖನಿ ಎತ್ತಿದವನು ಹಾಗೇ ನಿಲ್ಲಿಸಿದ.

"ತಂಗೀ, ಆಕಿಗೆ ಮೂವತ್ತು ಪೈಸೆ. ಉಳಿದವರಿಗೆ?"

"ಎಂಟಾಣೆ ರಿ. ಎಲ್ಲಾರಿಗೂ ಎಂಟಾಣೆ. ಒಬ್ಬರಿಗೂ ಬಿಟ್ಟಿಲ್ಲ."

"ಖರೆ?"

"ಬೇಕಾದ್ರ ನಮ್ಮೂರಾಗ ಯಾರನ್ನಾದ್ರೂ ಕರಿಸಿ ಕೇಳ್ರಿ."

"ಅರ್ಜಿಯೊಳಗ ಇದನ್ನೂ ಬರೀಲೇನು?"

"ದೊಡ್ಡ ಅಕ್ಷರದಾಗ ಬರೀರಿ!"

ಮುದುಕ ಕನ್ನಡಕ ತೆಗೆದು ಒರೆಸಿಕೊಂಡ. "ಮನಿಗೆ ಹೋಗಿ ಗಂಡನ ಕೂಡ ಒಮ್ಮೆ ಮಾತಾಡಿ ಬಾ. ಅರ್ಜಿ ಎಲ್ಲಿ ಓಡಿ ಹೋಕ್ಕೈತಿ?" ಎಂದ.

ಗಂಡಸರೆಲ್ಲ ಒಂದೇ ಕುಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. "ನಿಮಗ ರೊಕ್ಕ ಕೊಡೂದು ಬರಿಯಾಕ, ಬುದ್ಧಿ ಹೇಳಾಕ ಅಲ್ಲ" ಎಂದೆ. ಆತ ಬರೆದ. ನಾನು ಹೆಬ್ಬೆಟ್ಟು ಒತ್ತಿದೆ, ಮಸಿ ಹತ್ತಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದೆ.

ಐದನೆಯ ದಿನ, ಸಂತೆಯ ಹೊತ್ತಿಗೆ, ಜೀಪು ಬಂತು. ಸಪ್ಲಾಯ್ ಸಾಹೇಬ, ಒಬ್ಬ ಕಾರಕೂನ, ಇಬ್ಬರು ಪೊಲೀಸರು. ನನ್ನ ಗಂಡ ಅಳತೆ ಡಬ್ಬಿ ಕೆಳಗಿಟ್ಟು ಎದ್ದು ನಿಂತ. ಸಂತೆಗೆ ಬಂದ ಜನವೆಲ್ಲ ನಮ್ಮ ಅಂಗಡಿಯ ಮುಂದೆ. ಗುಂಪಿನ ಹಿಂದೆ ಗುಡ್ಡವ್ವ ಎರಡು ಬಾಟಲಿ ಹಿಡಿದು ನಿಂತಿದ್ದಳು. ಬಂದೆಯಾ, ಬಾ, ನಿನ್ನದೇ ಪೂಜೆ ಎಂದುಕೊಂಡೆ.

"ಅರ್ಜಿ ಕೊಟ್ಟ ಶೆಟ್ಟೆವ್ವ ಯಾರು?" ಎಂದ ಸಾಹೇಬ.

"ನಾನ್ರಿ!" ಎಂದು ಮುಂದೆ ಬಂದೆ. ನನ್ನ ಗಂಡ ನನ್ನನ್ನು ನೋಡಿದ ನೋಟವಿದೆಯಲ್ಲ, ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಬಾಯಿ ಬಿಟ್ಟಾಗಿತ್ತು, ನಿಲ್ಲಲಿಲ್ಲ. "ಸಾಹೇಬ್ರ, ಸರಕಾರದ ದರ ಎಂಟಾಣೆ. ಊರೆಲ್ಲಾ ಎಂಟಾಣೆ ಕೊಡಾಕತ್ತೇತಿ. ಅಗೋ, ಆಕಿ, ಆಕಿಗೊಬ್ಬಾಕಿಗೆ ಮೂವತ್ತು ಪೈಸೆ, ಮ್ಯಾಲೆ ಕೊಸರು! ಯಾಕ ಅಂತ ಕೇಳ್ರಿ. ಇಷ್ಟು ಮಂದಿ ಮುಂದ ಕೇಳ್ರಿ!"

ಸಾಹೇಬ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬೋರ್ಡಿನತ್ತ ನೋಡಿದ. ಕುಂಕುಮ ನೋಡಿದ, ಬಾಡಿದ ಚೆಂಡು ಹೂವು ನೋಡಿದ. "ಪಂಚ ಸಾಕ್ಷಿ ನಿಲ್ಲಾಕ ಓದಾಕ ಬರೋರು ಯಾರರ ಅದಾರೇನು?" ಎಂದು ಕೇಳಿದ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಓದು ಬಲ್ಲ ನಾಲ್ಕು ಜನ ಅಂಗಡಿಕಾರರೇ, ಅವರೆಲ್ಲ ಜೀಪು ಕಂಡ ಕೂಡಲೇ ತಮ್ಮ ತಮ್ಮ ಬಾಗಿಲು ಎಳೆದುಕೊಂಡಿದ್ದರು.

"ನನಗ ಬರತೈತ್ರಿ" ಎಂದಳು ಗುಡ್ಡವ್ವ.

ಗುಂಪು ದಾರಿ ಬಿಟ್ಟಿತು. ಸಾಹೇಬ, "ಮ್ಯಾಲೆ ಬಾರವಾ, ಅಲ್ಲಿಂದ ಹೆಂಗ ಕಾಣಬೇಕು?" ಎಂದ. ಆಕೆ ನಮ್ಮ ಮೆಟ್ಟಿಲು ಹತ್ತಿದಳು. ಮೊದಲನೆಯದು, ಎರಡನೆಯದು, ಮೂರನೆಯದು. ಯಾರೂ ಬೇಡ ಎನ್ನಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದಳು:

"ಚಿಮಣಿ ಎಣ್ಣೆ. ಒಂದು ಬಾಟಲಿಗೆ. ಮೂವತ್ತು ಪೈಸೆ."

ಸಂತೆಯಲ್ಲಿ ಎಲ್ಲೋ ಕತ್ತೆ ಕೂಗಿತು. ಸೀತವ್ವ ತನ್ನ ಸೆರಗಿನ ಗಂಟು ಹಿಡಿದುಕೊಂಡು ನಿಂತಿದ್ದಳು. ನನಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ಮೆಲ್ಲಗೆ ತಿಳಿಯಿತು. ಬೋರ್ಡು ಬರೆದದ್ದು ಸಾಹೇಬರ ಕಣ್ಣಿಗೆ, ಎಂಟಾಣೆ ಅಂದದ್ದು ಓದು ಬಾರದ ಊರಿಗೆ. ಹಾಗಾದರೆ ಆಕೆ ಕೊಟ್ಟದ್ದೇ ಸರಿಯಾದ ದರ. ಕಳ್ಳ ದರ ಕೊಟ್ಟವರು ಊರೆಲ್ಲ. ನಾನು ಗೋಕಾಕಕ್ಕೆ ಹೋಗಿ, ದೊಡ್ಡ ಅಕ್ಷರದಲ್ಲಿ ಬರೆಸಿ, ಎರಡೆರಡು ಸಲ ಹೆಬ್ಬೆಟ್ಟು ಒತ್ತಿ ಕೊಟ್ಟದ್ದು ನನ್ನ ಗಂಡನ ಕಳ್ಳತನಕ್ಕೆ ಸಾಕ್ಷಿ.

ಇನ್ನೊಂದು ಮಾತು ಹೇಳಲೇ? ಅಷ್ಟು ಜನರ ನಡುವೆ, ಅಷ್ಟು ಮಾನ ಹೋಗುತ್ತಿದ್ದ ಹೊತ್ತಿನಲ್ಲಿ, ನನ್ನ ಒಳಗೆ ಒಂದು ಸಂತೋಷ ಎದ್ದಿತು. ಕಳ್ಳ! ಬರೀ ಕಳ್ಳ! ಮೂವತ್ತು ಪೈಸೆ ಆಕೆ ಓದಬಲ್ಲಳು ಎಂದು, ಕೊಸರು ಆಕೆಯ ಬಾಯಿ ಮುಚ್ಚಲೆಂದು. ಪಿಸುಮಾತೆಲ್ಲ ಅದೇ. ದೇವರ ಮುಂದೆ ಕಾಯಿ ಒಡೆಸಬೇಕು ಎನ್ನಿಸಿತು.

"ಕೆಳಗ ಇನ್ನೊಂದು ಸಾಲು ಐತಲ್ಲ, ಅದನ್ನೂ ಓದು" ಎಂದ ಸಾಹೇಬ.

ಗುಡ್ಡವ್ವ ನನ್ನತ್ತ ತಿರುಗಿದಳು. ಓದಲು ಮನಸ್ಸಿಲ್ಲದವಳ ಹಾಗೆ ನಿಧಾನಕ್ಕೆ ಓದಿದಳು: "ಅಂಗಡಿಯ ಮಾಲಕರು. ಶೆಟ್ಟೆವ್ವ, ಕೋಂ ಲಗಮಪ್ಪ." ಲಗಮಪ್ಪನ ಹೆಂಡತಿ ಶೆಟ್ಟೆವ್ವ, ಅಂದರೆ ನಾನೇ.

"ಅರ್ಜಿ ಕೊಟ್ಟಾಕೀನೂ ನೀನ, ಆರೋಪೀನೂ ನೀನ ಏನವಾ?" ಎಂದ ಸಾಹೇಬ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ನನ್ನ ಗಂಡ ಸಾಹೇಬನ ಮುಂದೆ ಕೈ ಮುಗಿದ. "ಆಕಿಗೆ ಏನೂ ಗೊತ್ತಿಲ್ರಿ. ಮಾಡಿದ್ದೆಲ್ಲಾ ನಾ. ಮೂರು ವರ್ಷದ ಹಿಂದ ಲೈಸನ್ಸ್ ತಗಿಸುಮುಂದ ಆಕಿ ಹೆಸರಲೆ ತಗಿಸೀನಿ. ಬಂಡವಾಳ ಆಕಿ ಅಪ್ಪನ ಕುರೀದು. ಹೆಸರು ಆಕೀದ ಇರಬೇಕಲ್ರಿ."

ಮೂರು ವರ್ಷದ ಹಿಂದೆ ಯಾವುದೋ ಕಾಗದದ ಮೇಲೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ನೆನಪಾಯಿತು. ರೇಷನ್ ಕಾರ್ಡು ಇರಬೇಕು ಎಂದುಕೊಂಡಿದ್ದೆ. ನನ್ನನ್ನು ಸಿಕ್ಕಿಸಲು ಎನ್ನೋಣವೆಂದರೆ ಆಗ ಲಡಾಯಿ ಎಲ್ಲಿತ್ತು, ಬೋರ್ಡು ಎಲ್ಲಿತ್ತು?

"ಮತ್ತ ನನಗ್ಯಾಕ ಹೇಳಲಿಲ್ರಿ?" ಎಂದೆ.

"ಹೇಳಿದ್ರ ನೀ ನನ್ನ ಗಲ್ಲಾದ ಮುಂದ ಕೂಡಾಕ ಬಿಡತಿದ್ದೇನು?" ಎಂದ. ಪೊಲೀಸರು ಕೂಡ ನಕ್ಕರು. ನಾನೊಬ್ಬಳೇ ಅತ್ತೆ.

ಕಾರಕೂನ ಪಂಚನಾಮೆ ಬರೆಯುತ್ತಿದ್ದಾಗ ನಾನು ಗುಡ್ಡವ್ವನ ರಟ್ಟೆ ಹಿಡಿದೆ. ಆಕೆಯನ್ನು ಮುಟ್ಟಿದ್ದು ಅದೇ ಮೊದಲು.

"ಗೊತ್ತಿದ್ದೂ ಊರಿಗೆ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ಅಂಗಡಿಗೆ ಕೀಲಿ ಬೀಳತಿತ್ರಿ ಅಕ್ಕಾರ. ನಮ್ಮ ಓಣಿಯವರಿಗೆ ಎಣ್ಣಿ ಕೊಡು ಅಂಗಡಿ ಇದೊಂದ. ಅದಕ್ಕ ಎಲ್ಲಾರ ಬಾಟಲಿ ನಾನ ತರತಿದ್ದೆ. ಕೊಸರು ಬ್ಯಾಡಂದ್ರೂ ಹಾಕತಿದ್ರು." ಕೈಯಲ್ಲಿದ್ದ ಎರಡು ಬಾಟಲಿ ತೋರಿಸಿದಳು. "ಇವು ಉದ್ದವ್ವಂದು, ಕೆಂಪವ್ವಂದು."

ಬಾಟಲಿ ಕೆಳಗಿಟ್ಟು ಮತ್ತೆ ಅಂದಳು: "ಖರೆ ಹೇಳಬೇಕಂದ್ರ, ನಿಮ್ಮನ್ನ ನೋಡಿ ನನಗ ಹೊಟ್ಟಿಕಿಚ್ಚು ಆಗತಿತ್ರಿ. ನನ್ನ ಗಂಡನ ಕಾಗದ ಓದಬೇಕಂತ ಸಾಲಿ ಕಲತೆ. ಕಾಗದ ಮಾವನ ಹೆಸರಲೆ ಬರತಾವು. ಮನಿಯವರೆಲ್ಲಾರೂ ಆರಾಮ ಇರ್ರಿ ಅಂತ ಬರೀತಾರ. ನನ್ನ ಹೆಸರು ಒಮ್ಮೆನೂ ಬರದಿಲ್ರಿ. ನಿಮ್ಮದು ನೋಡ್ರಿ, ತಗಡಿನ ಮ್ಯಾಲೆ, ಊರ ಮಂದಿಗೆಲ್ಲಾ ಕಾಣೂ ಹಂಗ."

ನನ್ನನ್ನು ನೋಡಿ ಹೊಟ್ಟೆಕಿಚ್ಚು! ಈ ಚೆಲುವೆಗೆ! ಅದನ್ನು ಮೊದಲೇ ಹೇಳಿದ್ದರೆ ನಾನು ಗೋಕಾಕದ ಬಸ್ಸು ಹತ್ತುತ್ತಿದ್ದೆನೇ? ದಿನಕ್ಕೊಂದು ಬಾಟಲಿ ಪುಕ್ಕಟೆ ಕೊಡುತ್ತಿದ್ದೆ.

ಲೈಸನ್ಸ್ ಹೋಯಿತು. ನನ್ನ ಹೆಸರಿಗೆ ದಂಡ ಬಿತ್ತು, ನನ್ನ ಗಂಡ ಹದಿನೈದು ದಿನ ಒಳಗಿದ್ದು ಬಂದ. ಉಳಿದ ಎಣ್ಣೆಯನ್ನು ಸಾಹೇಬನ ಎದುರಿಗೇ ಬೋರ್ಡಿನ ದರಕ್ಕೆ ಹಂಚಿದೆವು. ಅಳೆದವಳು ನಾನು. ಸೀತವ್ವ ನನ್ನ ಮುಖ ನೋಡದೆ ಬಾಟಲಿ ಒಡ್ಡಿದಳು, ನಾನು ಕೊಸರು ಹಾಕಿದೆ, ಆಕೆ ಆ ಕೊಸರನ್ನು ನಮ್ಮ ಮೆಟ್ಟಿಲ ಮೇಲೆಯೇ ಚೆಲ್ಲಿ ಹೋದಳು. ನಾನು ಬಟ್ಟೆ ತಂದು ಒರೆಸಿದೆ. ಈಗ ಮತ್ತೆ ಎಂಟು ಕುರಿ ಕಟ್ಟಿದ್ದೇವೆ. ಲಗಮಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ. "ನಾ ಸುಳ್ಳು ಹೇಳಿದ್ದಕ್ಕ ನಿನಗ ಇಲ್ಲದ್ದ ಕಂಡಿತು" ಎಂದಷ್ಟೇ ಅಂದ.

ಆದರೆ ಬೋರ್ಡು ಹೋಯಿತು. ಮುದ್ದೆಮಾಲು, ಖಟ್ಲೆಯ ಸಾಕ್ಷಿ ಎಂದು ಪೊಲೀಸರು ಬಿಚ್ಚಿ ಜೀಪಿಗೆ ಹಾಕಿದರು. ಜೀಪು ಹೊರಡುವಾಗ ನಾನು ಹಿಂದೆ ಓಡಿದೆ, ನನ್ನ ಹೆಸರು ಯಾವುದು ಎಂದು ಕಣ್ತುಂಬ ನೋಡಲು. ಎರಡು ಸಾಲು ಕಂಡವು. ನಾನು ದಿನಾ ಕುಂಕುಮ ಇಟ್ಟದ್ದು ಮೇಲಿನ ಸಾಲಿಗೆ, ದರಕ್ಕೆ. ಕೆಳಗಿನ ಸಾಲು ಬೋಳಾಗಿಯೇ ಇತ್ತು. ಧೂಳಿನಲ್ಲಿ ಅಕ್ಷರ ನಿಲ್ಲಲಿಲ್ಲ.

ಲಗಮಪ್ಪನಿಗೆ ಇನ್ನೊಮ್ಮೆ ಬರೆ ಎಂದೆ. "ಎದರ ಮ್ಯಾಲೆ ಬರೀಲಿ, ಕುರಿ ಮ್ಯಾಲೇನು?" ಎಂದ. ಮತ್ತೆ ಕೇಳಲಿಲ್ಲ.

ಒಂದು ಮಧ್ಯಾಹ್ನ ನಾಚಿಕೆ ಬಿಟ್ಟು ಕೆಳಗಿನ ಓಣಿಗೆ ಹೋದೆ. ಗುಡ್ಡವ್ವ ಅಂಗಳ ಸಾರಿಸುತ್ತಿದ್ದಳು. ಯಾಕೆ ಬಂದೆ ಎಂದು ಕೇಳಲಿಲ್ಲ, ಕೂಡಲು ಕಂಬಳಿ ಹಾಸಿದಳು. ವಿಷಯ ಹೇಳಿದೆ. ಆಕೆ ಒಲೆಯಿಂದ ಇದ್ದಿಲು ತಂದು ನೆಲದ ಮೇಲೆ ನನ್ನ ಹೆಸರು ಬರೆದಳು. ನಾನು ಬಗ್ಗಿ ನೋಡಿದೆ.

"ಇಷ್ಟ ಏನ?"

"ಇಷ್ಟರಿ ಅಕ್ಕಾರ."

"ಅಂವ ಬರದದ್ದೂ ಹಿಂಗ ಇತ್ತೇನ?"

ಆಕೆ ಇದ್ದಿಲು ಹಿಡಿದುಕೊಂಡೇ ಸ್ವಲ್ಪ ಯೋಚಿಸಿದಳು. "ಇಲ್ರಿ" ಎಂದಳು. "ಅದು ಭಾಳ ಚಂದ ಇತ್ರಿ."

ಅದನ್ನು ಆಕೆ ಇಪ್ಪತ್ತು ದಿನ ನೋಡಿದ್ದಳು, ದಿನಕ್ಕೆ ಮೂರು ಸಲ. ನನ್ನ ಹೆಸರೆಂದು ತಿಳಿದು ನಾನು ಒಮ್ಮೆಯೂ ಕಣ್ತುಂಬ ನೋಡಲಿಲ್ಲ. ಅದಕ್ಕೇ ಹೇಳಿದ್ದು, ಗುಡ್ಡವ್ವನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.